ಕಂಡಕ್ಟರ್ ಭಾವನ ಮಾತು

ನಮ್ಮ ಭಾವ ಬಸ್ ಕಂಡಕ್ಟರ್. ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್‌ಗೆ ಹಾರ್ನೇ ಬೇಡ, ಅಂಥ ಗಂಟಲು. ಅಂಥವರಿಗೆ ಪಾರ್ಶ್ವವಾಯು ಹೊಡೀತು. ಬಲಗೈ ಬಿದ್ದುಹೋಯ್ತು, ಮಾತೂ ಹೋಯ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತೆ, ಬಾಯಿ ತೆರೆದರೆ ಮಾತ್ರ "ಅ... ಅ..." ಅಷ್ಟೇ.

ಅಕ್ಕನಿಗೆ ಒಂದೇ ಚಿಂತೆ. "ನಾನು ಹಿತ್ತಲಲ್ಲಿದ್ದಾಗ ಇವರಿಗೆ ಏನಾದ್ರೂ ಆದ್ರೆ ನನ್ನನ್ನ ಹೇಗೆ ಕರೀತಾರೆ ಹೇಳೇ?" ಸ್ನಾನಕ್ಕೆ ಹೋದರೂ ಚಿಲಕ ಹಾಕಲ್ಲ. ಒಮ್ಮೆ ಬಟ್ಟೆ ಒಣಹಾಕಿ ಬರೋಷ್ಟರಲ್ಲಿ ಭಾವ ಮಂಚದಿಂದ ಜಾರಿ ನೆಲದ ಮೇಲಿದ್ದರು. ಎಷ್ಟು ಹೊತ್ತಿಂದ ಹಾಗೇ ಬಿದ್ದಿದ್ದರೋ! ಅಕ್ಕನ ಜೀವ ಬಾಯಿಗೆ ಬಂದಿತ್ತು.

ಮಾತಿನ ತರಬೇತಿ ಜೊತೆ ಸಂಗೀತ ಚಿಕಿತ್ಸೆಯೂ ಮಾಡಿಸಿ ಅಂದರು ಆಸ್ಪತ್ರೆಯವರು. ಅಕ್ಕ ಏನು ಮಾಡಿದಳು ಗೊತ್ತಾ? ದೊಡ್ಡ ಸ್ಪೀಕರ್ ತಂದು ಭಾವನ ತಲೆದೆಸೆಗಿಟ್ಟು, ಬೆಳಗಿಂದ ಸಂಜೆವರೆಗೂ ಹಾಡು ಹಾಕಿದಳು. ಪಾಪ, ಕಿವಿ ಮುಚ್ಚಿಕೊಳ್ಳೋಕೆ ಅವರಿಗಿದ್ದದ್ದು ಒಂದೇ ಕೈ.

ಕೊನೆಗೆ ಭಾವನನ್ನೂ ನನ್ನನ್ನೂ ಕರಕೊಂಡು ಸಂಗೀತ ಚಿಕಿತ್ಸೆ ಮಾಡೋ ಮೇಡಂ ಹತ್ತಿರ ಹೋಗಿ ಸಿಡುಕಿದಳು. "ದಿನವಿಡೀ ಸ್ಪೀಕರಲ್ಲಿ ಹಾಡು ಹಾಕಿದ್ರೂ ಒಂದಕ್ಷರ ಬರಲಿಲ್ಲ! ಹಾಡಿಗೆಲ್ಲ ರೋಗ ವಾಸಿಯಾಗುತ್ತಾ? ನಮ್ಮ ಕಿವಿ ಮೇಲೆ ಹೂ ಇಡ್ತಿದೀರಾ?"

"ಮೊದಲು ಸ್ಪೀಕರ್ ನಿಲ್ಲಿಸಿ ಅಮ್ಮ," ಅಂದರು ಮೇಡಂ. "ಇವರು ಕೇಳಿದ್ರೆ ಸಾಲದು, ಇವರೇ ಹಾಡ್ಬೇಕು. ಮಿದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟಾದ್ರೂ ಎಷ್ಟೋ ಜನಕ್ಕೆ ರಾಗ ಉಳಿದಿರುತ್ತೆ. ಹಿಂದೆ ಯುದ್ಧದಲ್ಲಿ ಗಾಯಗೊಂಡವರ ಆಸ್ಪತ್ರೆಗೆ ಹಾಡೋರನ್ನ ಕರೆಸ್ತಿದ್ರು. ರೋಗಿಗಳು ಗೆಲುವಾಗೋದನ್ನ ಡಾಕ್ಟರುಗಳು ಗಮನಿಸಿದ್ರು. ಈಗ ನಾವು ಇದನ್ನೇ ಓದಿ, ತರಬೇತಿ ಪಡೆದು ಬರ್ತೀವಿ. ಇವರು ಯಾವ ಹಾಡು ಹೇಳ್ತಿದ್ರು?"

"ಇವರಾ? ಹಾಡಾ? ಬಸ್ಸಲ್ಲಿ ಕೂಗೋದು ಬಿಟ್ರೆ ಏನೂ ಬರಲ್ಲ."

"ಹೇಗೆ ಕೂಗ್ತಿದ್ರು?"

ಅಕ್ಕ ನಾಚಿಕೊಂಡಳು. ನಾನೇ ರಾಗ ಎಳೆದೆ: "ಮುಂ...ದೆ ಹೋ...ಗಿ! ಮುಂ...ದೆ ಹೋ...ಗಿ!"

ಮೇಡಂ ಅದೇ ಧಾಟಿಯಲ್ಲಿ ಹಾಡುತ್ತಾ, ಭಾವನ ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕಿಸಿದರು. ಭಾವನ ತುಟಿ ಅಲ್ಲಾಡಿತು, ಸ್ವರ ಬರಲಿಲ್ಲ. ಮತ್ತೆ ಮತ್ತೆ ಮಾಡಿಸಿದರು. ಭಾವ ಬೆವರಿಬಿಟ್ಟರು. "ಸಾಕು ಬಿಡಿ, ಹಿಂಸೆ ಕೊಡಬೇಡಿ," ಅಂತ ಅಕ್ಕ ಎದ್ದೇಬಿಟ್ಟಳು. ಆಗ ಒಡಕು ದನಿಯಲ್ಲಿ "...ದೆ ಹೋ...ಗಿ" ಅಂದರು ನೋಡಿ! ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು.

ಆಮೇಲೆ ಆ ಧಾಟಿಗೇ ದಿನದ ಮಾತು ಕೂಡಿಸಿದರು: ನೀರು ಬೇಕು, ಇಲ್ಲಿ ಬಾ, ಎದೆ ನೋವು. ಮಾತ್ರೆ, ವ್ಯಾಯಾಮ ಯಾವುದನ್ನೂ ನಿಲ್ಲಿಸಲಿಲ್ಲ. ಮನೆಯಲ್ಲೂ ದಿನಾ ಅಭ್ಯಾಸ. ಕೆಲವು ದಿನ ಏನೂ ಬರದೆ ಭಾವ ಗೋಡೆ ಕಡೆ ಮುಖ ತಿರುಗಿಸಿಬಿಡೋರು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೀತಿದ್ವಿ. ಒಳಗಿಂದ ಕೇಳಿಸಿತು: "ಇಲ್ಲಿ ಬಾ... ಎದೆ ನೋ...ವು."

ಬಿದ್ದೂ ಎದ್ದೂ ಓಡಿದೆವು. ಆಂಬುಲೆನ್ಸ್ ಕರೆಸಿ ಆಸ್ಪತ್ರೆ ಸೇರಿಸಿದೆವು. ಜೀವ ಉಳೀತು. "ಸರಿಯಾದ ಹೊತ್ತಿಗೆ ಕರಕೊಂಡು ಬಂದ್ರಿ," ಅಂದರು ಡಾಕ್ಟರ್.

"ಅವರೇ ಕರೆದ್ರು, ಡಾಕ್ಟ್ರೇ," ಅಂದಳು ಅಕ್ಕ.

ನಿಮ್ಮ ಮನೆಯಲ್ಲೂ ಪಾರ್ಶ್ವವಾಯುವಿನಿಂದ ಮಾತು ಹೋದವರು ಇದ್ದಾರಾ? ಇನ್ನಿಷ್ಟೇ ಅಂತ ಕೈಚೆಲ್ಲಬೇಡಿ. ಮಾತಿನ ತರಬೇತಿ ಕೊಡಿಸಿ, ಕಲಿತ ಸಂಗೀತ ಚಿಕಿತ್ಸಕರು ಎಲ್ಲಿ ಸಿಗ್ತಾರೆ ಅಂತ ನಿಮ್ಮ ಡಾಕ್ಟರನ್ನ ಕೇಳಿ. ಎಲ್ಲರಿಗೂ ಒಂದೇ ಥರ ಗುಣ ಆಗಲ್ಲ, ಔಷಧಿ ಮಾತ್ರ ಬಿಡಲೇಬಾರದು. ಆದರೆ ನಿಮ್ಮವರು ಮಾತನ್ನ ಒಳಗೇ ಇಟ್ಟುಕೊಂಡು ಮಲಗಿದ್ದಾರೆ. ನಾಳೆ ಅನ್ನಬೇಡಿ, ಇವತ್ತೇ ಹೋಗಿ ಕೇಳಿ.