ಬಾವಿಯ ಬಾಯಿಗೆ ತಂದ ಬಟ್ಟೆ

ಹರ್ಬರ್ಟ್ ಮಾಸ್ಟ್ರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ಎಣ್ಮಕಜೆಯ ಆ ಗುಡ್ಡದ ಬದಿಯಲ್ಲಿ ಯಾರೂ ಕೇಳಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುತ್ತಿದ್ದರು. ಅವರಿಗಿದ್ದ ಹುಚ್ಚು ಒಂದೇ. ಕ್ರಿಸ್ಮಸ್ ರಜೆಯಲ್ಲಿ ಹೆಗಲಿಗೊಂದು ಚೀಲ ಏರಿಸಿಕೊಂಡು ಸುಳ್ಯದ ಆಚೆಯ ಘಟ್ಟ ಹತ್ತುವುದು, ಒಬ್ಬರೇ ನಡೆಯುವುದು, ಕಾಡಿನಲ್ಲಿ ಮಲಗುವುದು, ಶಾಲೆ ತೆರೆಯುವ ಮುಂಚೆ ಗಡ್ಡ ಬಿಟ್ಟುಕೊಂಡು ಇಳಿದು ಬರುವುದು.

ಈ ಹುಚ್ಚು ಹಿಡಿದದ್ದು ಮಗ ರೋಶನ್ ತೀರಿಕೊಂಡ ವರ್ಷ. ರೋಶನ್ ನಾಲ್ಕು ವರ್ಷ ಬದುಕಿದ, ಅಷ್ಟರಲ್ಲಿ ಒಮ್ಮೆಯೂ ಕತ್ತು ನೆಟ್ಟಗೆ ನಿಲ್ಲಲಿಲ್ಲ. ಮಂಗಳೂರಿನ ಡಾಕ್ಟರು ಕಾರಣ ಹೇಳಲು ಬರುವುದಿಲ್ಲ ಎಂದರು. ಮಾಸ್ಟ್ರ ಹೆಂಡತಿ ಒಲಿಂಡಾಳಿಗೆ ಡಾಕ್ಟರ ಉತ್ತರ ಬೇಕಾಗಿರಲಿಲ್ಲ. ಮನೆಯ ಮೇಲಿನ ಗುಡ್ಡವಿಡೀ ಗೇರು ತೋಟ. ಗೇರು ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬಂದು ಹುಳು ಸಾಯಿಸುವ ಮದ್ದು ಬಿಟ್ಟು ಹೋಗುತ್ತಿತ್ತು. ಮರುದಿನ ಅಂಗಳದಲ್ಲಿ ಜೇನುನೊಣಗಳು ಸತ್ತು ಬಿದ್ದಿರುತ್ತಿದ್ದವು. ಮದ್ದು ಬಿಡುವ ಮುಂಚೆ ತೋಟದ ಮೇಸ್ತ್ರಿ ಕೂಸಪ್ಪ ಮನೆಮನೆಗೆ ಬಂದು ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿ ಹೋಗುವುದು ವಾಡಿಕೆ. ಜನ ತೆಂಗಿನ ಗರಿಯ ಮಡಲು ಹಾಸಿ ಮುಚ್ಚುತ್ತಿದ್ದರು. ಮಡಲಿನ ಸಂದಿಯಲ್ಲಿ ಇಳಿಯುವುದನ್ನು ತಡೆಯುವವರು ಯಾರು? ರೋಶನ್ ಹೊಟ್ಟೆಯಲ್ಲಿದ್ದಾಗ ತಾನು ಕುಡಿದದ್ದು ಆ ನೀರನ್ನೇ ಎಂಬುದು ಒಲಿಂಡಾಳ ತಲೆಯಿಂದ ಒಂದು ದಿನವೂ ಹೋಗಿರಲಿಲ್ಲ.

ಈಗ, ತೊಂಬತ್ತಾರರಲ್ಲಿ, ಅವಳು ಮತ್ತೆ ಬಸುರಿ.

ಹಾಗಾಗಿ ದುಬಾಯಿಯಲ್ಲಿದ್ದ ತಮ್ಮ ಕ್ಲೆಟಸ್‌ನ ಹತ್ತಿರ ಅವಳು ಕೇಳಿದ್ದು ಚಿನ್ನವನ್ನಲ್ಲ, ಸೆಂಟನ್ನಲ್ಲ. ಬಾವಿಯ ಬಾಯಿಯನ್ನು ಹಗ್ಗದಲ್ಲಿ ಅಳೆದು, ಆ ಹಗ್ಗವನ್ನೇ ಊರಿಗೆ ಬಂದಿದ್ದ ಅವನ ಸ್ನೇಹಿತನ ಕೈಯಲ್ಲಿ ಕಳಿಸಿ, ಇಷ್ಟನ್ನು ಪೂರ್ತಿ ಮುಚ್ಚುವ, ನೀರು ಇಳಿಯದ ಬಟ್ಟೆ ಬೇಕು ಎಂದಳು. ಡಿಸೆಂಬರಿನಲ್ಲಿ ಉಪ್ಪಳದ ಮನೆಗೆ ರಜೆಯಲ್ಲಿ ಬಂದ ಕ್ಲೆಟಸ್ ಅಕ್ಕನನ್ನು ನೋಡಲು ಬರುವಾಗ ಅದನ್ನು ತಂದ. ಬೆಳ್ಳಿ ಬಣ್ಣದ ನೈಲಾನ್ ಶೀಟು, ಬಾವಿಗೆ ಹಾಕಿ ಸುತ್ತ ಕಟ್ಟಿದರೂ ಅಂಚು ಉಳಿಯುವಷ್ಟು ಅಗಲ, ಮಡಚಿದರೆ ಮಾತ್ರ ಒಂದು ಚೊಂಬಿನಷ್ಟೇ ಗಾತ್ರ. ಭಾವನನ್ನೂ ಅವನು ಮರೆತಿರಲಿಲ್ಲ. ಅವರಿಗೆಂದು ಒಬ್ಬನೇ ನುಸುಳಿ ಮಲಗುವಂಥ, ಚೀಲದ ಹಾಗಿರುವ ಡೇರೆ ತಂದಿದ್ದ. ದಪ್ಪ ಹಸಿರು ಬಟ್ಟೆ, ಉದ್ದಕ್ಕೆ ಜಿಪ್ಪು, ಮುಖದ ಹತ್ತಿರ ಉಸಿರಾಡಲು ಸೊಳ್ಳೆಪರದೆಯ ಕಿಟಕಿ.

ಮಾಸ್ಟ್ರಿಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಅಂಗಳದಲ್ಲೇ ಚೀಲ ಹಾಸಿ ಅದರೊಳಗೆ ಮಲಗಿ ನೋಡಿದರು. ಬೆಳಿಗ್ಗೆ ಹಾಲಿಗೆ ಬಂದ ನೆರೆಮನೆಯ ಚೆನ್ನಪ್ಪ, ಅಂಗಳದಲ್ಲಿ ಹಸಿರು ಮೂಟೆಯೊಂದು ಹೊರಳುವುದನ್ನು ಕಂಡು, ಗಂಡ ಹೆಂಡಿರ ನಡುವೆ ಏನಾದರೂ ಜಗಳ ಆಯಿತೇ ಎಂದು ಒಲಿಂಡಾಳನ್ನು ವಿಚಾರಿಸಿದ. ಅವಳು ಬಹಳ ದಿನಗಳ ಮೇಲೆ ನಕ್ಕಳು.

ಆದರೆ ಚೀಲ ಮಾಸ್ಟ್ರ ಮನಸ್ಸಿಗೆ ಬರಲಿಲ್ಲ. ತಮ್ಮದೇ ಉಸಿರಿಗೆ ಒಳಗೆಲ್ಲ ಬೆವರಿಟ್ಟು ಅಂಗಿ ಒದ್ದೆಯಾಗಿತ್ತು. ಮೇಲಾಗಿ ಭಾರ. ಹಿಂದಿನ ಮಳೆಗಾಲ ಸ್ಕೂಟರಿನಿಂದ ಬಿದ್ದ ಮೇಲೆ ಅವರ ಸೊಂಟ ಸರಿ ಇರಲಿಲ್ಲ. ಹೆಚ್ಚು ಹೊತ್ತರೆ ಎರಡನೇ ದಿನಕ್ಕೆ ಕುಂಟುತ್ತಾ ವಾಪಸಾಗಬೇಕು. ಅಡಿಕೆ ತೂಗುವ ತಕ್ಕಡಿ ತಂದು ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಒಂದೊಂದಾಗಿ ತೂಗಿದರು. ಹಳೆಯ ಟಾರ್ಪಾಲು ಒಣಗಿದ್ದಾಗಲೇ ಕತ್ತೆಯ ಹೊರೆ, ಇಬ್ಬನಿ ಕುಡಿದರೆ ಕೇಳುವುದೇ ಬೇಡ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ಕು ಹಗುರ, ಆದರೆ ಒಂದು ಮುಳ್ಳು ತಾಗಿದರೆ ಹರಿಯುತ್ತದೆ, ಮಗ್ಗುಲು ಬದಲಿಸಿದರೆ ಪರಪರ ಸದ್ದು. ಕೊನೆಗೆ ಬೆಳ್ಳಿ ಶೀಟನ್ನು ತಕ್ಕಡಿಗೆ ಹಾಕಿದರು. ತಕ್ಕಡಿ ಸರಿಯಾಗಿ ಬಾಗಲೂ ಇಲ್ಲ. ಅದರ ಎರಡು ತುದಿಗಳನ್ನು ಮಾವಿನ ಮರಕ್ಕೂ ತೆಂಗಿಗೂ ಹಗ್ಗದಲ್ಲಿ ಬಿಗಿದು, ಉಳಿದ ಅಂಚುಗಳ ಮೇಲೆ ಕಲ್ಲು ಹೇರಿ ಅಡಿಯಲ್ಲಿ ಮಲಗಿದರು. ಗಾಳಿ ಆಡುತ್ತಿತ್ತು, ಇಬ್ಬನಿ ತಾಗಲಿಲ್ಲ. ಎದ್ದಾಗ ಅಂಗಿ ಒಣಗಿಯೇ ಇತ್ತು.

ಅದು ಬಾವಿಗೆ ತರಿಸಿದ್ದು ಎಂದು ಒಲಿಂಡಾ ನೆನಪಿಸಿದಳು.

"ಬಾವಿಗೆ ಭಾರದ್ದು ಆದರೂ ಆಗ್ತದೆ ಒಲಿಂಡಾ," ಎಂದರು ಮಾಸ್ಟ್ರು. "ಹೊತ್ತುಕೊಂಡು ನಡೆಯುವವ ನಾನು ಅಲ್ವಾ?"

ಮಾತು ಸರಿಯಾಗಿಯೇ ಇತ್ತು. ಮಾಸ್ಟ್ರ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ಹೊಸ ವರ್ಷ ಕಳೆಯದೆ ಹೆಲಿಕಾಪ್ಟರ್ ಬರುವುದಿಲ್ಲ ಎಂದು ಕೂಸಪ್ಪ ಹೇಳಿದ್ದಾನೆ, ಅಷ್ಟರೊಳಗೆ ತಾನು ಬಂದಾಗುತ್ತದೆ ಎಂದರು. ಹಾಗೆಂದು ಬಾವಿಯನ್ನು ತೆರೆದಿಟ್ಟು ಹೋಗುವ ಬೇಜವಾಬ್ದಾರಿಯವರೂ ಅಲ್ಲ. ಟಾರ್ಪಾಲು ನೀರು ಹೀರುತ್ತದೆ, ಪ್ಲಾಸ್ಟಿಕ್ಕು ಹರಿಯುತ್ತದೆ ಎಂದು ಹಸಿರು ಚೀಲದ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಅಗಲಿಸಿ, ಬಾವಿಯ ಬಾಯಿಗೆ ಹಾಕಿ ಸುತ್ತ ಹಗ್ಗ ಬಿಗಿದರು. ಬಟ್ಟೆ ಸಾಲದ್ದರಿಂದ ಪರದೆಯ ಕಿಟಕಿಯೂ ಬಾವಿಯ ಮೇಲೆಯೇ ಬಂತು. ಅದರ ಮೇಲೆ ಒತ್ತಾಗಿ ಮಡಲು ಹೊದಿಸಿದರು. ಇನ್ನು ಒಂದು ಹನಿಯೂ ಇಳಿಯುವುದಿಲ್ಲ ಎಂದು ಕೈ ಕೊಡವಿಕೊಂಡರು.

ಒಲಿಂಡಾ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಹೋಗದೆ ಉಳಿದರೆ ಅವರು ರಜೆಯಿಡೀ ರೋಶನ್ ಮಲಗುತ್ತಿದ್ದ ಚಾಪೆಯ ಹತ್ತಿರ ಕೂತು, ಆಕಾಶದಲ್ಲಿ ಏನು ಸದ್ದಾದರೂ ಬೆಚ್ಚುತ್ತಾ, ಊಟ ಬಿಟ್ಟು ಸೊರಗುವುದನ್ನು ಅವಳು ನೋಡಿದ್ದಳು. ಅವಳಿಗೂ ಎಲ್ಲಿಗಾದರೂ ಎದ್ದು ಹೋಗಬೇಕು ಅನಿಸುತ್ತಿತ್ತು. ಹೋದರೆ ದನಕ್ಕೆ ಹುಲ್ಲು ಹಾಕುವವರು ಯಾರು? ದುಃಖಕ್ಕೂ ರಜೆ ಸಿಗುವುದು ಗಂಡಸರಿಗೇ ಎಂದು ನನಗೆ ಸಿಟ್ಟು ಬರುತ್ತದೆ, ಅವಳಿಗೆ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಕ್ರಿಸ್ಮಸ್ಸಿನ ಮರುದಿನ ಮಾಸ್ಟ್ರ ಚೀಲಕ್ಕೆ ಅವಲಕ್ಕಿ, ಬೆಲ್ಲ, ಹಬ್ಬಕ್ಕೆ ಮಾಡಿದ ಒಂದಿಷ್ಟು ಕುಸ್ವಾರಿನ ತಿಂಡಿ ಅವಳೇ ತುಂಬಿಸಿದಳು. ಬೆಳ್ಳಿ ಶೀಟನ್ನೂ ಅವಳೇ ಮಡಚಿ ಕೊಟ್ಟಳು.

ಡಬ್ಬದಲ್ಲಿ ಕುಸ್ವಾರು ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ, ಯಾರ ಮನೆಗೂ ಹೇಳದೆ ಕೇಳದೆ, ಹೆಲಿಕಾಪ್ಟರ್ ಬಂತು. ಕೂಸಪ್ಪನಿಗೂ ಯಾರೂ ಹೇಳಿರಲಿಲ್ಲವಂತೆ. ಅವನ ಹೆಂಡತಿ ಒಗೆದ ಬಟ್ಟೆಗಳೆಲ್ಲ ಹಗ್ಗದ ಮೇಲೆಯೇ ಇದ್ದವು. ಒಲಿಂಡಾ ಮೇಯಲು ಕಟ್ಟಿದ್ದ ದನವನ್ನು ಹಟ್ಟಿಗೆ ಎಳೆದು ಒಳಗೆ ಓಡಿ, ಕಿಟಕಿ ಬಾಗಿಲು ಹಾಕಿ, ಒದ್ದೆ ಟವೆಲ್ಲು ಮುಖಕ್ಕೆ ಹಿಡಿದು ಕೂತಳು. ಹೆಲಿಕಾಪ್ಟರ್ ಎಷ್ಟು ತಗ್ಗಿನಲ್ಲಿ ಹಾರಿತೆಂದರೆ ಮಾಡಿನ ಹಂಚು ಅಲುಗಿ ಸದ್ದಾಯಿತು. ಬಾವಿಯ ಕಡೆ ಓಡುವ ಗೋಜು ಈ ಸಲ ಇರಲಿಲ್ಲ. ಅದೊಂದಾದರೂ ಮುಚ್ಚಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡಳು.

ಆ ದಿನ ಹಂಡೆಯಲ್ಲಿ ತುಂಬಿಸಿಟ್ಟ ನೀರಿನಲ್ಲೇ ಸಾಗಿಸಿದಳು. ಮರುದಿನ ಬಾವಿಯ ಹತ್ತಿರ ಹೋದಾಗ ಹಗ್ಗ ಕಟ್ಟಿದ ಹಾಗೆಯೇ ಇತ್ತು, ಹಸಿರು ಬಟ್ಟೆ ಬಿಗಿಯಾಗಿಯೇ ಇತ್ತು. ಮಡಲು ತುಸು ಪಕ್ಕಕ್ಕೆ ಸರಿದಿತ್ತು, ಮಡಲಲ್ಲವೇ, ಸರಿಯುತ್ತದೆ. ದಿನಾ ಸೇದುವ ಬದಿಯ ಅಂಚನ್ನು ಬಿಚ್ಚಿ ನೀರು ಸೇದಿದಳು. ವಾಸನೆ ನೋಡಿದಳು. ಊರಿಗೆ ಊರೇ ಮದ್ದಿನ ವಾಸನೆ ಹೊಡೆಯುವಾಗ ನೀರಿನದು ಯಾವುದು, ಗಾಳಿಯದು ಯಾವುದು ಎಂದು ಹೇಗೆ ತಿಳಿಯಬೇಕು? ಏಳು ತಿಂಗಳ ಹೊಟ್ಟೆಗೆ ಬಾಯಾರಿಕೆಯೂ ವಿಪರೀತ. ಕುಡಿದಳು. ಅದರಲ್ಲೇ ಗಂಜಿ ಬೇಯಿಸಿ ಉಂಡಳು. ಸಂಜೆ ಮತ್ತೆ ಕುಡಿದಳು.

ಮರುದಿನ ಹಾಲಿಗೆ ಬಂದ ಚೆನ್ನಪ್ಪ ಬಾವಿಗೆ ಇಣುಕಿ ಅಲ್ಲಿಯೇ ನಿಂತುಬಿಟ್ಟ. ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೆಲಿಕಾಪ್ಟರಿನ ಗಾಳಿಗೆ ಮಡಲು ಜಾರಿ, ಆಚೆ ಬದಿಯಲ್ಲಿದ್ದ ಪರದೆಯ ಕಿಟಕಿ ಆಕಾಶಕ್ಕೆ ಬಾಯಿ ತೆರೆದಿತ್ತು. ಪರದೆಯ ನೂಲಿನಲ್ಲಿ ಮದ್ದು ಬೆಳ್ಳಗೆ ಒಣಗಿತ್ತು.

ಚೆನ್ನಪ್ಪನ ಹೆಂಡತಿ ಅಕ್ಕು ತಮ್ಮ ಮನೆಯವರು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನು ಅಂದಿನಿಂದ ಕೊಡಪಾನದಲ್ಲಿ ಹೊತ್ತು ತಂದು ಕೊಟ್ಟಳು. ಗುಡ್ಡದ ಹೊಟ್ಟೆಯೊಳಗಿಂದ ಬರುವ ನೀರು, ಅದಕ್ಕೆ ಮೇಲಿನಿಂದ ಏನೂ ಬೀಳುವುದಿಲ್ಲ ಎಂದು ಧೈರ್ಯ ಹೇಳಿದಳು. ಒಲಿಂಡಾ ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈ ಇಟ್ಟು ಕಾದಳು. ಮಗು ಒದೆಯಿತು. ನೋಡು, ಚೆನ್ನಾಗಿಯೇ ಉಂಟಲ್ಲ ಎಂದಳು ಅಕ್ಕು. ರೋಶನ್ ಕೂಡ ಒದೆಯುತ್ತಿದ್ದ.

ಮಾಸ್ಟ್ರು ಬಂದದ್ದು ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ. ಬಿಸಿಲಿಗೆ ಕಪ್ಪಾಗಿದ್ದರು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತು, ಬಿಡದೆ ಮಾತಾಡಿದರು. ಘಟ್ಟದಲ್ಲಿ ಇಬ್ಬನಿ ಮಳೆಯ ಹಾಗೆ ಸುರಿಯುತ್ತಿತ್ತಂತೆ, ಶೀಟಿನ ಅಡಿಯಲ್ಲಿ ಒಂದು ಹನಿ ಇಲ್ಲವಂತೆ. ಸೊಂಟ ಒಮ್ಮೆಯೂ ಹಿಡಿಯಲಿಲ್ಲವಂತೆ. ಒಂದು ಮುಂಜಾನೆ ಶೀಟಿನಿಂದ ತಲೆ ಹೊರಗೆ ಹಾಕಿದರೆ ಎದುರಿನ ಬೋಳುಗುಡ್ಡದಲ್ಲಿ ಕಾಟಿಗಳ, ಎಂದರೆ ಕಾಡುಕೋಣಗಳ ಹಿಂಡು, ನಡುವೆ ಒಂದು ಪುಟ್ಟ ಕರು. ಅದನ್ನು ನೋಡುತ್ತಾ, ಇನ್ನು ನಮಗೆ ಒಳ್ಳೆಯದೇ ಆಗುತ್ತದೆ ಎಂದು ಮೊದಲ ಸಲ ಅನಿಸಿತಂತೆ. ಒಲಿಂಡಾ ಕಂಬ ಹಿಡಿದು ನಿಂತು ಕೇಳಿದಳು. ಎಲ್ಲಿಂದ ಹೇಳಲು ಶುರು ಮಾಡುವುದು ಎಂದು ಅವಳಿಗೆ ಹೊಳೆಯಲಿಲ್ಲ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವಳು ಕಾಣದೆ ವರ್ಷಗಳಾಗಿದ್ದವು.

ಮಾತಾಡಿ ಮಾತಾಡಿ ಮಾಸ್ಟ್ರ ಗಂಟಲು ಒಣಗಿತು. ಎದ್ದು ಸೀದಾ ಬಾವಿಗೆ ಹೋಗಿ, ಈಗ ದನದ ಹಟ್ಟಿ ತೊಳೆಯುವ ನೀರಿಗೆ ಮಾತ್ರ ಎಂದು ಇಟ್ಟಿದ್ದ ಹಗ್ಗ, ಕೊಡಪಾನ ಇಳಿಸಿ ನೀರು ಸೇದಿದರು. ಕೊಡಪಾನವನ್ನು ಕಟ್ಟೆಯ ಮೇಲಿಟ್ಟು, ಬಾಗಿ, ಎರಡೂ ಕೈಯಲ್ಲಿ ಮೊಗೆದರು. ಒಲಿಂಡಾ ಹೊಟ್ಟೆ ಹಿಡಿದುಕೊಂಡು ಓಡಲಾದಷ್ಟು ಓಡಿ ಬಂದು, ಅವರ ಬೊಗಸೆಯ ಮೇಲೆ ಕೈ ಅದುಮಿದಳು. ನೀರೆಲ್ಲ ಚೆಲ್ಲಿತು. ಅವರು ನಗುತ್ತಲೇ ತಲೆ ಎತ್ತಿದರು.

"ನಾನು ಕುಡಿದಾಗಿದೆ," ಎಂದಳು ಒಲಿಂಡಾ. "ನೀವಾದರೂ ಕುಡಿಯುವುದು ಬೇಡ."