ಚೌಡಮ್ಮನ ಕಣ್ಣು ತೆರೆದ ಫೋನು

ಗಂಗಾಲಕ್ಷ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಿವಾರಪಟ್ಟಣದಲ್ಲಿ ಹೇಳದವರಿಲ್ಲ. ಈ ಸಲ ಅದು ಮೂಗು ಬಿಟ್ಟು ಅಂಗಾಲಿನವರೆಗೂ ಇಳಿದಿತ್ತು. ಕೋಲಾರದ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡ್ ತೋರಿಸಿ ಎಂದದ್ದಕ್ಕೂ ಅವನನ್ನು ನುಂಗುವ ಹಾಗೆ ನೋಡಿದಳು. ಅವನ ತಪ್ಪೇನೂ ಇರಲಿಲ್ಲ, ಪಾಪ.

ಅವಳ ಅಪ್ಪ ವೆಂಕಟರಮಣಪ್ಪ ಮೂವತ್ತು ವರ್ಷದಿಂದ ದೇವರ ವಿಗ್ರಹ ಕೆತ್ತುವವನು. ರಾಯಲ್ಪಾಡಿನ ಕಡೆಯ ಒಂದು ಹಳ್ಳಿಯವರಿಗಾಗಿ ಎಂಟು ತಿಂಗಳು ಕೂತು ಚೌಡಮ್ಮನನ್ನು ಕೆತ್ತಿದ್ದ. ಕಣ್ಣೊಂದು ಬಾಕಿ ಇತ್ತು. ಕಣ್ಣನ್ನು ಕೊನೆಗೆ ಉಳಿಸುವುದೇ ಪದ್ಧತಿ. ವಿಗ್ರಹ ಗುಡಿ ಸೇರಿ, ಪೂಜೆ ನಡೆದು, ಶಿಲ್ಪಿ ಸಣ್ಣ ಉಳಿಯಲ್ಲಿ ಪಾಪೆಯ ಗೆರೆ ಎಳೆದಾಗಲೇ ಅಮ್ಮನ ಕಣ್ಣು ತೆರೆಯುವುದು. ಅಲ್ಲಿಯವರೆಗೆ ಅದು ಬರೀ ಕಲ್ಲು. ಕೆತ್ತುವ ಶೆಡ್ಡಿನಲ್ಲೇ ಕಣ್ಣು ತೆರೆದ ವಿಗ್ರಹವನ್ನು ಯಾವ ಊರಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೆಲಸ ಎಲ್ಲಿಗೆ ಬಂತು ಎಂದು ಗುಡಿ ಕಮಿಟಿಯ ಅಧ್ಯಕ್ಷ ಶ್ರೀನಿವಾಸಪ್ಪ ದಿನಾ ಕೇಳುತ್ತಿದ್ದ. ಗಂಗಾಲಕ್ಷ್ಮಿ ತನ್ನ ಹೊಸ ಫೋನು ಹಿಡಿದು, ರಸ್ತೆಯಾಚೆ ನಿಂತು, ಜೂಮ್ ಮಾಡಿ ಒಂದು ಫೋಟೋ ತೆಗೆದು ಕಳಿಸಿದಳು. ಆ ಫೋನು ಯಾರ ಮುಖ ಕಂಡರೂ ತಿದ್ದಿ ತೀಡದೆ ಬಿಡದ ಜಾತಿಯದು. ದೂರದ ಬೋಳು ಕಣ್ಣು ಕಂಡು ಅದಕ್ಕೇನನ್ನಿಸಿತೋ, ತಾನೇ ಎರಡು ಪಾಪೆ ಬರೆದು, ಒಂದೊಂದು ಹೊಳಪಿನ ಚುಕ್ಕಿಯನ್ನೂ ಇಟ್ಟುಬಿಟ್ಟಿತ್ತು. ಮೂವತ್ತು ವರ್ಷ ಅನುಭವವಿರುವ ಶಿಲ್ಪಿ ಮುಹೂರ್ತ ನೋಡಿ ಮಾಡುವ ಕೆಲಸವನ್ನು ಆ ದರಿದ್ರ ಡಬ್ಬಿ ಕ್ಷಣದಲ್ಲಿ ಮುಗಿಸಿತ್ತು.

ಮಾರನೇ ದಿನವೇ ಶ್ರೀನಿವಾಸಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದ. ವಿಗ್ರಹದಲ್ಲಿ ಪಾಪೆ ಇರಲಿಲ್ಲ. ಆದರೆ ಅವನು ಒಪ್ಪಲಿಲ್ಲ. ತೆರೆದಿದ್ದಾರೆ, ಗುಟ್ಟು ರಟ್ಟಾದ ಮೇಲೆ ಉಜ್ಜಿ ಅಳಿಸಿದ್ದಾರೆ ಎಂದ. ಗಂಗಾಲಕ್ಷ್ಮಿ ಅವರೆದುರಿಗೇ ವಿಗ್ರಹದ ಪಕ್ಕ ನಿಂತು ಅದೇ ಫೋನಿನಲ್ಲಿ ಹತ್ತು ಸಲ ಫೋಟೋ ತೆಗೆದಳು. ಹತ್ತಿರದಿಂದ ತೆಗೆದರೆ ಆ ಫೋನು ಮಹಾ ಸಾಚಾ, ಏನೂ ಬರೆಯಲಿಲ್ಲ. ಕಮಿಟಿಯವರು ಮುಖ ಮುಖ ನೋಡಿಕೊಂಡು ನಕ್ಕರು.

"ಫೋಟೋ ಸುಳ್ಳು ಹೇಳಲ್ಲಮ್ಮ. ಮನುಷ್ಯ ಹೇಳ್ತಾನೆ" ಎಂದ ಶ್ರೀನಿವಾಸಪ್ಪ.

ವೆಂಕಟರಮಣಪ್ಪ ಒಂದೇ ಒಂದು ಸಲ, ನಾನು ತೆರೆದಿಲ್ಲ ಎಂದ. ಎರಡನೇ ಸಲ ಹೇಳುವ ಮನುಷ್ಯ ಅವನಲ್ಲ. ವಾರದೊಳಗೆ ಸುದ್ದಿ ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಸುತ್ತಿತು. ಗಣಪತಿ ಕೆತ್ತಲು ಹೇಳಿದ್ದ ಇನ್ನೊಂದು ಊರಿನವರು, ಸ್ವಲ್ಪ ತಡೀರಿ ಎಂದು ಫೋನು ಮಾಡಿದರು. ಅಪ್ಪ ಉಳಿ ಮುಟ್ಟುವುದನ್ನೇ ನಿಲ್ಲಿಸಿ ಶೆಡ್ಡಿನ ಬಾಗಿಲಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿದಾಗಲೆಲ್ಲ ಗಂಗಾಲಕ್ಷ್ಮಿ ಶ್ರೀನಿವಾಸಪ್ಪನಿಗೆ ಹಿಡಿಶಾಪ ಹಾಕಿದಳು.

ದಾರಿ ತೋರಿಸಿದವಳು ಗೆಳತಿ ಮೌನಿಕಾ. ಅವಳು ನರಸಾಪುರದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಫೋಟೋ ನೋಡಿ ಬಿರುಕು ಹುಡುಕುವ ಕೆಲಸದವಳು. ದೂರದಿಂದ ಜೂಮ್ ಮಾಡಿದರೆ ಫೋನಿನವರು ಫೋಟೋವನ್ನು ಬೇಯಿಸಿ, ಒಗ್ಗರಣೆ ಹಾಕಿ ಬಡಿಸುತ್ತಾರೆ, ತಮ್ಮಲ್ಲಿ ಅದು ನಡೆಯುವುದಿಲ್ಲ ಎಂದು ವಿವರಿಸಿದಳು. ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ, ಒಂದು ಚುಕ್ಕಿಯೂ ಕಳೆಯದೆ ಇಡುವ ಫೈಲು ಬೇಕು, ಅದಕ್ಕೆ ರಾ, ಅಂದರೆ ಹಸಿ, ಎನ್ನುತ್ತಾರೆ ಎಂದಳು. ವೆಂಕಟರಮಣಪ್ಪನ ಶೆಡ್ಡಿನಲ್ಲಿ ಮುಖಕ್ಕೆಲ್ಲ ಅರ ಹಾಕಿ ನಯಮಾಡುತ್ತಾರೆ. ಆ ಅರದ ಕೂದಲೆಳೆಯಂಥ ಗೆರೆಗಳು ರೆಪ್ಪೆಯಿಂದ ಕಣ್ಣುಗುಡ್ಡೆಯ ಮೇಲೆ ಕಡಿಯದೆ ಹರಿದಿದ್ದರೆ, ಅಲ್ಲಿ ಯಾರೂ ಕೆತ್ತಿಯೂ ಇಲ್ಲ, ಉಜ್ಜಿಯೂ ಇಲ್ಲ ಎಂದೇ ಲೆಕ್ಕ. ಅದನ್ನು ದೊಡ್ಡದು ಮಾಡಿ ತೋರಿಸಬೇಕು.

ಹಾಗಾಗಿ ಕೋಲಾರ. ಅಂಗಡಿಯವನು ಒಳ್ಳೆಯ ಮಾತುಗಾರ. ಇಷ್ಟು ಮೆಗಾಪಿಕ್ಸೆಲ್ ಮೇಡಂ, ಚರ್ಮ ಬೆಣ್ಣೆ ಥರ ಬರುತ್ತೆ ಎಂದು ಸಣ್ಣದೊಂದು ಕ್ಯಾಮೆರಾ ಮುಂದಿಟ್ಟ. ಬೆಣ್ಣೆ ಎಂದ ಕೂಡಲೇ ಅವಳ ಪಿತ್ತ ನೆತ್ತಿಗೇರಿತು. ರಾ ಫೈಲು ಬರುತ್ತದೆಯೇ ಎಂದು ಕೇಳಿದರೆ ಅವನು ನಕ್ಕು, ಬೆಂದಿರೋದನ್ನೇ ಕೊಡ್ತೀವಲ್ಲ, ಹಸೀದು ಯಾಕೆ ಎಂದ. ಆ ಫೈಲು ಬರುವ ಹೊಸ ಕ್ಯಾಮೆರಾಗಳ ಬೆಲೆ ಕೇಳಿ ಅವಳೇ ಅಂಗಡಿ ಬಿಟ್ಟು ಹೊರಟಳು. ಅವಳ ಕೈಯಲ್ಲಿದ್ದದ್ದು ಹದಿನೈದು ಸಾವಿರ.

ಅಲ್ಲಿಂದ ಮಾಲೂರಿಗೆ ಬಂದಳು. ಮದುವೆ ಫೋಟೋ ತೆಗೆಯುವ ಭೀಮರಾಜ್ ತನ್ನ ಸ್ಟುಡಿಯೋದ ಎರಡು ಹಳೇ ಕ್ಯಾಮೆರಾಗಳನ್ನು ಮಾರಲು ಇಟ್ಟಿದ್ದ. ಮೊದಲನೆಯದು ಹಗುರ, ಚೆಂದ, ಅಗ್ಗ. ಅದರಲ್ಲೂ ರಾ ಇದೆ ಎಂದ. ಪೂರ್ತಿ ಇಡುತ್ತದೆಯೋ, ಏನಾದರೂ ಬಿಡುತ್ತದೆಯೋ ಎಂದು ಅವಳು ಕೇಳಿದಳು. ಭೀಮರಾಜ್ ತಲೆ ಕೆರೆದುಕೊಂಡ. ಜಾಗ ಉಳಿಸಲು ಚೂರು ಹಿಂಡುತ್ತದೆ, ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ ಎಂದ.

"ನನ್ ಕಣ್ಣಿಗೆ ಕಾಣ್ಸೋದು ಬೇಡ ಅಣ್ಣಾ. ನಾಳೆ ಇನ್ಯಾವನೋ ಬಂದು ಇದ್ರಲ್ಲೂ ಏನೋ ಬಿಟ್ಟಿದ್ದೀರ ಅನ್ಬಾರ್ದು, ಅಷ್ಟೇ."

ಎರಡನೆಯದು ಇಟ್ಟಿಗೆಯಷ್ಟು ಭಾರ, ಹಿಡಿಯ ರಬ್ಬರು ಕಿತ್ತುಬಂದಿತ್ತು. ಆದರೆ ಮೆನುವಿನಲ್ಲಿ ಏನೂ ಕಳೆಯದೆ ಉಳಿಸುವ ಆಯ್ಕೆ ಬೇರೆಯೇ ಇತ್ತು. ಭೀಮರಾಜ್ ಅದನ್ನು ಒತ್ತಿ ತೋರಿಸಿದ. ವಿಷಯ ಕೇಳಿದ ಮೇಲೆ ಅವನಿಗೂ ಸಿಟ್ಟು ಬಂದು, ಹದಿನಾಲ್ಕಕ್ಕೇ ಕೊಟ್ಟು, ತೋರಿಸುವ ದಿನ ಲ್ಯಾಪ್‌ಟಾಪ್ ತರುತ್ತೇನೆ ಎಂದ.

ಭಾನುವಾರ ಕಮಿಟಿಯವರು ಮತ್ತೆ ಬಂದರು. ಗಂಗಾಲಕ್ಷ್ಮಿ ಯಾರಿಗೂ ನೀರು ಕೊಡಲಿಲ್ಲ. ಶ್ರೀನಿವಾಸಪ್ಪನನ್ನು ರಸ್ತೆಯಾಚೆ ನಿಲ್ಲಿಸಿ, ಫೋನು ಅವನ ಕೈಗೇ ಕೊಟ್ಟು, ಜೂಮ್ ಮಾಡಿ ತೆಗೆಯಲು ಹೇಳಿದಳು. ಪಾಪೆ ಬಂತು. ಅದೇ ಜಾಗದಿಂದ ಕ್ಯಾಮೆರಾದಲ್ಲಿ ತೆಗೆದಳು. ಪಾಪೆ ಇಲ್ಲ. ಆಮೇಲೆ ವಿಗ್ರಹದ ಹತ್ತಿರ ಹೋಗಿ ಕಣ್ಣನ್ನಷ್ಟೇ ತೆಗೆದಳು. ಭೀಮರಾಜ್ ಲ್ಯಾಪ್‌ಟಾಪಿನಲ್ಲಿ ಅದನ್ನು ದೊಡ್ಡದು ಮಾಡುತ್ತಾ ಹೋದ ಹಾಗೆ ಪರದೆ ತುಂಬ ಚೌಡಮ್ಮನ ಒಂದೇ ಕಣ್ಣು ನಿಂತಿತು. ಅರದ ಗೆರೆಗಳು ರೆಪ್ಪೆಯಿಂದಿಳಿದು ಗುಡ್ಡೆಯ ಮೇಲೆ ಹಾದು ಆಚೆ ಕೆನ್ನೆಗೆ ಹೋಗಿದ್ದವು. ಎಲ್ಲೂ ಕಡಿದಿರಲಿಲ್ಲ.

ಶ್ರೀನಿವಾಸಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಸರಿ, ಈಗ ನಂಬಿಕೆ ಬಂತು ಎಂದ. ಆ ಫೋಟೋ ವಾಟ್ಸಾಪಿಗೆ ಹಾಕಿದರೆ ಊರವರಿಗೂ ತೋರಿಸುತ್ತೇನೆ, ಗಾಡಿ ಯಾವತ್ತು ಕಳಿಸಲಿ ಎಂದ. ಏನೂ ಆಗಿಯೇ ಇಲ್ಲವೇನೋ ಎನ್ನುವ ಹಾಗಿತ್ತು ಅವನ ಮಾತು.

ಗಂಗಾಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಇಷ್ಟು ದಿನ ಸುಮ್ಮನಿದ್ದ ವೆಂಕಟರಮಣಪ್ಪ ಎದ್ದು ನಿಂತ.

"ನಂಬ್ಕೆ ಯಾರ್ ಮೇಲೆ ಬಂತು ಸ್ವಾಮಿ?"

"ಅದೇ, ಫೋಟೋ ನೋಡಿದ್ ಮೇಲೆ..."

"ಹಂಗಾದ್ರೆ ಫೋಟೋನೇ ತಗೊಂಡೋಗಿ ಗುಡೀಲಿ ಇಟ್ಕೊಳ್ರಿ. ನಮ್ಮ ಕಲ್ಲು ಇಲ್ಲೇ ಇರ್ಲಿ."

ಶ್ರೀನಿವಾಸಪ್ಪ ತಲೆ ತಗ್ಗಿಸಿದ. ಜೇಬಿನಿಂದ ಫೋನು ತೆಗೆದು ಊರಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ. "ವೆಂಕಟರಮಣಪ್ಪ ಅಬದ್ದಂ ಚೆಪ್ಪಲೇದು" ಎಂದ. ಸುಳ್ಳು ಹೇಳಿಲ್ಲ ಎಂದು ತೆಲುಗಿನಲ್ಲಿ ಹೇಳಿ, ತಪ್ಪು ನಮ್ಮದೇ ಎಂದೂ ಸೇರಿಸಿದ. ಫೋಟೋದ ಮಾತೆತ್ತಲಿಲ್ಲ. ವೆಂಕಟರಮಣಪ್ಪ ತಲೆಯಾಡಿಸಿ, ಗಾಡಿ ಮುಂದಿನ ಶುಕ್ರವಾರ ಬರಲಿ ಎಂದ.

ಎಲ್ಲರೂ ಹೋದ ಮೇಲೂ ಗಂಗಾಲಕ್ಷ್ಮಿಯ ಸಿಟ್ಟು ಇಳಿದಿರಲಿಲ್ಲ. ಶ್ರೀನಿವಾಸಪ್ಪನನ್ನು, ಆ ಫೋನು ತಯಾರಿಸಿದವರನ್ನು, ಅಂಗಡಿಯವನನ್ನು ಸಾಲಾಗಿ ಬೈಯುತ್ತಲೇ ಇದ್ದಳು. ಅಪ್ಪ ವಿಗ್ರಹದ ಮೇಲೆ ಬಟ್ಟೆ ಹೊದಿಸುತ್ತಾ, ತಿರುಗಿ ನೋಡದೆ ಕೇಳಿದ.

"ಅವತ್ತು ಕಳ್ಸೋ ಮುಂಚೆ ನೀನು ಆ ಫೋಟೋ ನೋಡ್ಲಿಲ್ವಾಮ್ಮ?"

ಅವಳ ಬೈಗುಳ ನಿಂತುಹೋಯಿತು. ಆ ಬೋಳು ಕಣ್ಣಿಗೆ ಮೂರು ದಿನ ಕೂತು ಅರ ಹಾಕಿದವಳು ಅವಳೇ.

"ನೋಡ್ದೆ ಕಣಪ್ಪಾ" ಎಂದಳು. "ಕಣ್ಣು ಚೆನ್ನಾಗ್ ಬಂದಿದೆ ಅಂತಾನೇ ಕಳ್ಸಿದ್ದು."