ಮೂಲೆಯಲ್ಲಿ ನಿಂತವಳು

ನನ್ನ ಹೆಂಡತಿ ತೀರಿಕೊಂಡು ಇಪ್ಪತ್ತೆರಡು ದಿನಗಳಾಗಿದ್ದವು. ನಾವಿಬ್ಬರೂ ನಡೆಸುತ್ತಿದ್ದ ಫೋಟೊ ಸ್ಟುಡಿಯೊ ಮುಚ್ಚಿದಾಗಲೇ, ಫಿಲ್ಮಿನ ಚಿತ್ರವನ್ನು ಹಿಗ್ಗಿಸಿ ಅಚ್ಚುಹಾಕುವ ನನ್ನ ಎನ್‌ಲಾರ್ಜರನ್ನು ಮಾರಿಬಿಟ್ಟಿದ್ದೆ. ಈಗ ಅವಳು ನಗುತ್ತಿದ್ದ ಒಂದೇ ಒಂದು ನೆಗೆಟಿವ್ ದೊಡ್ಡದಾಗಿ ಅಚ್ಚಾಗಬೇಕಿತ್ತು. ಅಂಗೈಯ ನಡುವೆ ಕೂರುವಷ್ಟು ಅಗಲದ ಚೌಕ ಫಿಲ್ಮು. ಅವಳ ತವರಿನವರ ಗುಂಪುಚಿತ್ರ. ದೇವರಿಗೆ ಕೈಮುಗಿದು ಅದಿದ್ದ ಲಕೋಟೆಯನ್ನು ಜೇಬಿನಲ್ಲಿಟ್ಟುಕೊಂಡೆ. ಇನ್ನೊಂದು ಎನ್‌ಲಾರ್ಜರ್ ಕೊಳ್ಳಲು ಹೊರಟ ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡೆ.

“ಭಾವ, ಅದಕ್ಕೇನು ಕಾಲು ಬಂದು ಓಡಿಹೋಗುತ್ತಾ?” ಎಂದ ಜೊತೆಗೆ ಬಂದಿದ್ದ ಅವಳ ತಮ್ಮ.

ಹಳೆಯ ಕ್ಯಾಮೆರಾ ಮಾರುವವನು ಹಿಂದಿನ ಕೋಣೆಗೆ ಕಪ್ಪು ಪರದೆ ಎಳೆದು ಎರಡು ಎನ್‌ಲಾರ್ಜರ್ ತೋರಿಸಿದ. ದೊಡ್ಡದನ್ನು ಎತ್ತಲು ಇಬ್ಬರು ಬೇಕು.

“ಚಿಕ್ಕದೇ ಸಾಕು ಯಜಮಾನ್ರೇ, ನಿಮ್ಮ ಫಿಲ್ಮು ಸಲೀಸಾಗಿ ಕೂರುತ್ತೆ” ಎಂದ.

ಫಿಲ್ಮೇನೋ ಕೂತಿತು. ಆದರೆ ಅದರ ಲೆನ್ಸು ಸಣ್ಣ ಫಿಲ್ಮಿಗೆ ಮಾಡಿದ್ದು. ಕೆಳಗಿನ ಹಲಗೆಯ ಮೇಲೆ ನಡುವೆ ಬೆಳಕು, ನಾಲ್ಕು ಮೂಲೆಗಳೂ ಕತ್ತಲು. ನನ್ನವಳು ಮೂಲೆಯಲ್ಲಿದ್ದಳು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊನೆಗೆ ತಾನು ಓಡಿಬಂದು ತುದಿಯಲ್ಲಿ ನಿಲ್ಲುವುದು ಅವಳ ಅಭ್ಯಾಸ.

“ನಡುವೆ ಇರೋರು ಚೆನ್ನಾಗೇ ಕಾಣ್ತಿದಾರಲ್ಲ?” ಎಂದ ಅಂಗಡಿಯವನು.

“ನಡುವೆ ಇರೋನು ಇವನು” ಎಂದು ಮೈದುನನನ್ನು ತೋರಿಸಿದೆ. “ಇವನನ್ನ ದಿನಾ ನೋಡ್ತೀನಿ.”

ದೊಡ್ಡದರಲ್ಲಿ ಮೂಲೆಗಳೂ ಬೆಳಗಿದವು. ಅವಳ ಮುಖ ಸ್ಪಷ್ಟವಾಗಿ ಬಂತು, ನಿಮಿಷದಲ್ಲೇ ಮಸುಕಾಯಿತು. ದೀಪದ ಕಾವಿಗೆ ಫಿಲ್ಮು ಉಬ್ಬಿತ್ತು. ಉಬ್ಬದಿರಲು ಎರಡು ಗಾಜುಗಳ ನಡುವೆ ಒತ್ತಿಡಬೇಕು. ಗಾಜಿನ ಮೇಲೆ ಮರಳಿನ ಒಂದು ಕಣವಿದ್ದರೂ ಫಿಲ್ಮು ಕೆಟ್ಟೀತು. ಮೂರು ಸಲ ಒರೆಸಿ, ದೇವರ ಹೆಸರು ಹೇಳಿ ಮುಚ್ಚಿದೆ. ಗಾಜುಗಳ ನಡುವೆ ಫಿಲ್ಮು ಜಾರಿತು. ಸರಿಪಡಿಸಿ ದೀಪ ಹಾಕಿದರೆ ಅವಳ ಕೆನ್ನೆಯ ಮೇಲೆ ಉದ್ದಕ್ಕೊಂದು ಗೀರು.

ಫಿಲ್ಮು ತೆಗೆದು ಓರೆಯಾಗಿ ಹಿಡಿದು ನೋಡಿದೆ. ಗೀರು ಬಿದ್ದದ್ದು ಹೊಳೆಯುವ ಬದಿಗೆ, ಚಿತ್ರವಿರುವ ಬದಿಗಲ್ಲ. ಅದಕ್ಕೆ ನಮ್ಮ ಕಸುಬಿನವರ ಉಪಾಯವೊಂದಿದೆ: ಮೂಗಿನ ಪಕ್ಕದ ಜಿಡ್ಡನ್ನು ಬೆರಳಿಗೆ ತೆಗೆದು ತೆಳ್ಳಗೆ ಸವರಿದರೆ ಗೀರು ತುಂಬಿಕೊಳ್ಳುತ್ತದೆ. ಮೂಗು ಉಜ್ಜಿಕೊಂಡೆ. ಒಣ ತೊಗಟೆ. ಈ ವಯಸ್ಸಿಗೆ ಅದೂ ಬತ್ತಿತ್ತು.

“ನಿನ್ನ ಮೂಗು ಕೊಡೋ” ಎಂದೆ ಮೈದುನನಿಗೆ.

“ಭಾವ! ಅಕ್ಕನ ಮುಖಕ್ಕಾ?”

“ನಿಮ್ಮಕ್ಕ ಎಷ್ಟು ಮದುಮಕ್ಕಳ ಮುಖಕ್ಕೆ ಸವರಿದಾಳೆ ಗೊತ್ತಾ? ಬೇಗ ಬಾ!”

ಅವನು ಕಣ್ಣು ಮುಚ್ಚಿ ತನ್ನ ಎಣ್ಣೆಮುಖವನ್ನು ಮುಂದೊಡ್ಡಿದ. ಸವರಿ, ಮತ್ತೆ ಗಾಜು ಮುಚ್ಚಿ ದೀಪ ಹಾಕಿದೆ.

ಕೆನ್ನೆ ನುಣುಪಾಗಿತ್ತು. ಐದು ನಿಮಿಷ ದೀಪ ಉರಿಯಲು ಬಿಟ್ಟೆ. ಮುಖ ಕದಲಲಿಲ್ಲ.

“ಈ ದೊಡ್ಡದೇ ಇರಲಿ” ಎಂದೆ. ಮೈದುನ ಆಗಲೇ ಬಗ್ಗಿ ಎತ್ತಲು ಅದರ ಬುಡಕ್ಕೆ ಕೈ ಹಾಕಿದ್ದ.